ಗಡಿಯಾರ ನಿಂತ ದಿನ

ಎಲ್ಲರ ಹೊತ್ತನ್ನೂ ಕಾಯುವ ಭಗವಂತನನ್ನು ಒಮ್ಮೆ ನೆನೆದು ಒಂದು ಗಡಿಯಾರದ ಕಥೆ ಹೇಳುತ್ತೇನೆ. ಗಡಿಯಾರದ ಕಥೆಯೆಂದರೆ ಎಲ್ಲಿ ವೇಳೆ ಮೀರುತ್ತದೋ ಎಂದು ಯಾರೂ ಅವಸರಪಡಬೇಕಾಗಿಲ್ಲ. ಈ ಗಡಿಯಾರ ನಡೆಯುತ್ತಿರಲಿಲ್ಲ.

ಚೌಕದ ನಡುವೆ ಒಂದು ಕಲ್ಲಿನ ಗೋಪುರ. ಒಳಗೆ ಎಂಬತ್ತನಾಲ್ಕು ಮೆಟ್ಟಿಲು. ತುದಿಯಲ್ಲಿ ಮಾರಗಲದ ಬಿಳಿ ಮುಖ, ಅದರ ಮೇಲೆ ಎರಡು ಕರಿ ಮುಳ್ಳು. ಆ ಮುಳ್ಳುಗಳು ನಾಲ್ಕು ಗಂಟೆ ಇಪ್ಪತ್ತು ನಿಮಿಷ ಎಂದು ಹೇಳಿ ಸುಮ್ಮನಾಗಿ ಇಪ್ಪತ್ತೈದು ವರ್ಷವಾಗಿತ್ತು. ಗೋಪುರದ ಬುಡದಲ್ಲಿ ಒಂದು ಕೋಣೆ. ಅದು ನಗರಸಭೆಯ ಗಡಿಯಾರ ವಿಭಾಗ. ವಿಭಾಗವೆಂದರೆ ಒಂದು ಮೇಜು, ಒಂದು ಸ್ಟೂಲು, ಮೂತಿ ಉದ್ದದ ಎಣ್ಣೆ ಡಬ್ಬಿ, ಒಂದು ದಿನಚರಿ ಪುಸ್ತಕ, ಮತ್ತು ನಮ್ಮ ಇಸವಿ ಮೇಷ್ಟ್ರು.

ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೆಸರು ಬಂದದ್ದು ಕರಿಹಲಗೆಯಿಂದ. ಕೋಣೆಯ ಹೊರಗೋಡೆಗೆ ನೇತುಹಾಕಿದ ಹಲಗೆಯ ಮೇಲೆ ಅವರು ದಿನಾ ಬೆಳಿಗ್ಗೆ ಏಳೂವರೆಗೆ ಒಂದು ಪ್ರಶ್ನೆ ಬರೆಯುತ್ತಿದ್ದರು. ‘ಹಿಂದೆ ಇದೇ ದಿನ’ ಎಂದು ಶುರು, ಸಾಮಾನ್ಯವಾಗಿ ‘ಯಾವ ಇಸವಿ?’ ಎಂದು ಕೊನೆ, ಕೆಳಗೆ ಮೂಲೆಯಲ್ಲಿ ‘ಉತ್ತರ ನಾಳೆ’. ರಟ್ಟು ಕಳೆದುಕೊಂಡ ಒಂದು ದಪ್ಪ ಪುಸ್ತಕ ಅವರಲ್ಲಿತ್ತು. ವರ್ಷದ ಒಂದೊಂದು ತಾರೀಖಿಗೆ ಒಂದೊಂದು ಪುಟ. ಲೋಕದಲ್ಲಿ ಅಂದು ನಡೆದದ್ದೆಲ್ಲ ಅದರಲ್ಲಿ ಅಚ್ಚಾಗಿತ್ತು. ಆ ಪುಸ್ತಕವಿರುವುದು ಊರಿಗೆ ತಿಳಿದಿರಲಿಲ್ಲ. ಎಲ್ಲವೂ ಅವರ ತಲೆಯಲ್ಲೇ ಇದೆಯೆಂದು ಊರು ನಂಬಿತ್ತು. ಈ ನಂಬಿಕೆಗೆ ಮೇಷ್ಟ್ರು ಎಂದೂ ಅಡ್ಡಿಪಡಿಸಲಿಲ್ಲ.

ಪ್ರಶ್ನೆಗೆ ತಕ್ಕ ಜನವೂ ಇದ್ದರು. ಒಮ್ಮೆ ‘ಹಿಂದೆ ಇದೇ ದಿನ ಟೆಲಿಫೋನಿನಲ್ಲಿ ಮೊದಲ ಮಾತು ಆಡಿದರು, ಏನದು?’ ಎಂದು ಬರೆದಾಗ, ಪೋಸ್ಟ್‌ಮ್ಯಾನ್ ಕೆಲಸದಿಂದ ನಿವೃತ್ತನಾದ ಅಜ್ಜ ‘ರಾಂಗ್ ನಂಬರ್’ ಎಂದು ಹೇಳಿ, ಮರುದಿನ ಉತ್ತರ ಬೇರೆ ಬಂದದ್ದಕ್ಕೆ ಮೂರು ದಿನ ಮುನಿಸಿಕೊಂಡಿದ್ದ. ಎದುರಿನ ದರ್ಜಿ ದಿನಾ ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಪ್ರಶ್ನೆ ಓದಲು ಬರುತ್ತಿದ್ದ. ಅವನು ಮೇಷ್ಟ್ರ ಹೆಂಡತಿಯ ತಮ್ಮ.

ಈಗ ಕೀಲಿಕೈಯ ವಿಷಯ ಹೇಳಬೇಕು; ಅದಿಲ್ಲದೆ ಕಥೆ ತಿರುಗುವುದಿಲ್ಲ.

ಅದು ಎಂಟು ದಿನದ ಗಡಿಯಾರ. ಒಮ್ಮೆ ಕೀಲಿ ಕೊಟ್ಟರೆ ಎಂಟು ದಿನ ನಡೆಯುತ್ತದೆ. ಕೀಲಿಕೈಯೆಂದರೆ ಎರಡು ಕಡೆ ಬಾಗಿದ ಗೇಣುದ್ದದ ಕಬ್ಬಿಣ. ಒಂದು ತುದಿಗೆ ಮರದ ಹಿಡಿ, ಇನ್ನೊಂದು ತುದಿಗೆ ಚೌಕಾಕಾರದ ತೂತು. ಕೋಣೆಯ ಗೋಡೆಯ ಮೇಲೆ ನಗರಸಭೆ ಹಿಂದೆಂದೋ ಬರೆಸಿದ ನಿಯಮವಿತ್ತು: ‘ನಿಯಮ ಒಂದು: ಕೀಲಿಕೈ ಕಳೆದವರನ್ನು ಕೆಲಸದಿಂದ ತೆಗೆಯಲಾಗುವುದು.’ ನಿಯಮ ಎರಡು ಇರಲಿಲ್ಲ. ಇದನ್ನು ಓದಿಕೊಂಡ ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೀಲಿಕೈಯನ್ನು ಸ್ನಾನಕ್ಕೂ ಜೊತೆಗೇ ಕೊಂಡೊಯ್ಯುತ್ತಿದ್ದರು. ಒಂದು ಮದುವೆಮನೆಗೂ ಕೊಂಡೊಯ್ದರು. ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಟ್ಟು, ಕೀಲಿಕೈಯನ್ನು ಹೊಸ ಕೋಟಿನ ಜೇಬಿನಲ್ಲಿಟ್ಟು ಹೋದರು. ಭಾರಕ್ಕೆ ಜೇಬು ಹರಿಯಿತು. ನೂಕುನುಗ್ಗಲಿನಲ್ಲಿ ಪಕ್ಕದಲ್ಲಿದ್ದ ಒಂದು ಕೈಗೆ ಅದನ್ನು ಕೊಟ್ಟು, “ಇದು ನನ್ನ ಪ್ರಾಣ, ಸ್ವಲ್ಪ ಜೋಪಾನ” ಎಂದರು. ಆ ಕೈ ಯಾರದೆಂದು ನೋಡಲಿಲ್ಲ. ಅಂದು ಅವರಿಗೆ ಯಾರ ಮುಖ ನೋಡುವ ಧೈರ್ಯವೂ ಇರಲಿಲ್ಲ. ಯಾರ ಮದುವೆ ಎನ್ನುತ್ತೀರಾ? ಅವರದೇ.

ಆಮೇಲೆ ಹುಡುಕಿದರು. ನಗರಸಭೆಯ ಕೀಲಿಕೈ ಕಳೆದೆ ಎಂದು ಹೊಸ ಅಳಿಯ ಹೇಳುವುದು ಹೇಗೆ? ಹೆಂಡತಿಗಂತೂ ಸೊಲ್ಲೆತ್ತಲಿಲ್ಲ. ಬೀಗರ ಮನೆಗಳಿಗೆ ಒಂದೊಂದಾಗಿ ಹೋಗಿ, “ನಿಮ್ಮಲ್ಲಿ ಹಳೇ ಕಬ್ಬಿಣದ ಸಾಮಾನು ಏನಾದರೂ ಹೆಚ್ಚಾಗಿದೆಯಾ?” ಎಂದು ಮೆಲ್ಲಗೆ ವಿಚಾರಿಸಿದರು. ಅಳಿಯಂದಿರಿಗೆ ಹಳೇ ಕಬ್ಬಿಣದ ಹುಚ್ಚು ಎಂದು ಬೀಗರಲ್ಲಿ ಸುದ್ದಿಯಾಯಿತು. ಮಾವ ಪ್ರೀತಿಯಿಂದ ಒಂದು ಮೂಟೆ ತುಕ್ಕು ಹಿಡಿದ ಬಾಗಿಲ ತಿರುಗಣೆ ಕಳುಹಿಸಿದರು. ಕೀಲಿಕೈ ಮಾತ್ರ ಬರಲಿಲ್ಲ. ಎಂಟನೆಯ ದಿನ ಸಂಜೆ ನಾಲ್ಕು ಇಪ್ಪತ್ತಕ್ಕೆ ಗಡಿಯಾರ ಕೊನೆಯ ಟಿಕ್ ಅಂದು ಸುಮ್ಮನಾಯಿತು.

ಸುಳ್ಳು ಹೇಳುವವರಲ್ಲ ಮೇಷ್ಟ್ರು. ದೇವರಿಗೆ ಹೆದರುವವರು. ಆ ತಿಂಗಳ ವರದಿಯಲ್ಲಿ, ಉಳಿದದ್ದು ಉಳಿಯಲಿ ಹೋದದ್ದು ಹೋಗಲಿ ಎಂದು, ‘ಗಡಿಯಾರ ನಿಂತಿದೆ’ ಎಂದು ಬರೆದು ಕಳುಹಿಸಿದರು. ಕೆಲಸ ಹೋಯಿತೆಂದೇ ಪೆಟ್ಟಿಗೆ ಕಟ್ಟಿಟ್ಟರು. ವರದಿ ಮೂರನೆಯ ದಿನ ಹಿಂದಕ್ಕೆ ಬಂತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ, ‘ನೋಡಲಾಯಿತು. ಸಂತೋಷ. ಹೀಗೆಯೇ ಮುಂದುವರಿಯಲಿ’ ಎಂದಿತ್ತು.

ಮೇಲಿನವರ ಆಜ್ಞೆಯ ಪ್ರಕಾರ ಹಾಗೆಯೇ ಮುಂದುವರಿಯಿತು.

ಮೇಷ್ಟ್ರು ದಿನಾ ಗೋಪುರ ಹತ್ತಿ ಪಾರಿವಾಳ ಓಡಿಸಿ, ಹಲ್ಲುಚಕ್ರಗಳ ಧೂಳು ಒರೆಸಿ, ಒಂದೊಂದು ಸಂದಿಗೂ ಎಣ್ಣೆಯ ತೊಟ್ಟು ಬಿಟ್ಟು ಇಳಿಯುತ್ತಿದ್ದರು. ಲೋಕದಲ್ಲಿ ಅಷ್ಟು ಚೆನ್ನಾಗಿ ನೋಡಿಕೊಂಡ, ಒಂದಿಷ್ಟೂ ನಡೆಯದ ಗಡಿಯಾರ ಇನ್ನೊಂದಿರಲಿಲ್ಲ. ಉಳಿದ ಹೊತ್ತು ಕಳೆಯಲೆಂದೇ ಆ ಪ್ರಶ್ನೆಗಳು ಹುಟ್ಟಿದ್ದು.

ಹೀಗಿರುವಾಗ ಒಂದು ಬೆಳಿಗ್ಗೆ ಮೇಷ್ಟ್ರು ಪುಸ್ತಕ ತೆರೆದರೆ ಆ ದಿನದ ಪುಟವಿಲ್ಲ. ಬೆಳ್ಳಿಹುಳುಗಳು ಒಂದು ಯುದ್ಧ, ಎರಡು ಪಟ್ಟಾಭಿಷೇಕ, ಒಂದು ಭೂಕಂಪವನ್ನು ತಿಂದು ಮುಗಿಸಿದ್ದವು. ಹೊರಗೆ ಏಳೂವರೆಯ ಜನ ನೆರೆದಿದ್ದರು. ದರ್ಜಿ ಕತ್ತರಿಯಿಂದ ಬಾಗಿಲು ಕುಟ್ಟಿ, “ಭಾವ, ಇವತ್ತು ಲೋಕದಲ್ಲಿ ಏನೂ ಆಗಲಿಲ್ವಾ?” ಎಂದ.

ಮೇಷ್ಟ್ರು ಮೇಜಿನ ಮೇಲಿದ್ದ ಹಳೆಯ ದಿನಚರಿಯನ್ನು ತಿರುವಿದರು. ಅದೇ ತಾರೀಖಿನಲ್ಲಿ ತಮ್ಮದೇ ಕೈಬರಹ ಕಂಡಿತು. ಹೊರಗೆ ಬಂದು, ಸ್ಟೂಲು ಹತ್ತಿ, ಸುಣ್ಣದ ಕಡ್ಡಿಯಿಂದ ಗುಂಡಗೆ ಬರೆದರು:

‘ಹಿಂದೆ ಇದೇ ದಿನ ನಮ್ಮ ಗೋಪುರದಲ್ಲಿ ಗಡಿಯಾರ ನಿಂತಿತು. ಯಾವ ಇಸವಿ? ಉತ್ತರ ನಾಳೆ.’

ಸ್ಟೂಲಿನಿಂದ ಇಳಿದು ಓದಿಕೊಂಡ ಮೇಲೆಯೇ ತಾವು ಬರೆದದ್ದು ಏನೆಂದು ಅವರಿಗೆ ಹೊಳೆದದ್ದು. ಅಳಿಸಲು ಕೈಯೆತ್ತಿದರು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಅಜ್ಜ ಹಲಗೆಗೆ ಮೂಗು ತಾಗಿಸಿ ಓದಿ ಮುಗಿಸಿದ್ದ.

“ಗಡಿಯಾರ ನಿಂತಿತು,” ಎಂದ ಅಜ್ಜ. “ಅದನ್ನ ನಿಲ್ಲಿಸಿದ್ದು ಯಾರು ಅಂತ ನನಗೆ ಚೆನ್ನಾಗಿ ಗೊತ್ತು.”

ಮೇಷ್ಟ್ರ ಕೈ ಗಾಳಿಯಲ್ಲೇ ಉಳಿಯಿತು.

“ನಾನೇ ನಿಲ್ಲಿಸಿದ್ದು,” ಎಂದ ಅಜ್ಜ. “ನಾನೂ ಇನ್ನೂ ಹತ್ತು ಜನ. ಹಗ್ಗ ಹಾಕಿ ಮೇಲಕ್ಕೆಳೆದ್ವಿ. ಈ ಅಂಗೈಯಲ್ಲಿ ಹಗ್ಗ ಇತ್ತು, ನೋಡಿ.”

ಎಲ್ಲರೂ ಅಂಗೈ ನೋಡಿದರು. ಹಗ್ಗವಿರಲಿಲ್ಲ, ಆದರೂ ಇದ್ದಿರಬಹುದು ಅನ್ನಿಸುವಂಥ ಅಂಗೈ.

“ಅಜ್ಜಾ, ಈ ಗೋಪುರಕ್ಕೆ ನೂರು ವರ್ಷ ದಾಟಿದೆ,” ಎಂದ ದರ್ಜಿ.

“ಗೋಪುರ ಹಳೇದು ಕಣಯ್ಯ. ಗಡಿಯಾರ ಆಮೇಲೆ ನಿಂತದ್ದು.”

“ಅದು ನಡೀತಾನೇ ಇಲ್ವಲ್ಲ.”

“ಅದು ಇತ್ತೀಚೆಗೆ. ಹೋದ ವಾರ ಕೂಡ ನಾನು ಅದನ್ನ ನೋಡಿಯೇ ಮಾತ್ರೆ ತಗೊಂಡೆ.”

“ಎಷ್ಟು ಹೊತ್ತಿಗೆ?”

“ನಾಲ್ಕೂ ಇಪ್ಪತ್ತಕ್ಕೆ. ದಿನಾ ಅದೇ ಹೊತ್ತಿಗೆ ತಗೋಬೇಕು ಅಂದಿದ್ದಾರೆ ಡಾಕ್ಟರು.”

ಈ ಚರ್ಚೆ ಇಲ್ಲಿಗೇ ಮುಗಿದಿದ್ದರೆ ಒಂದು ಒಳ್ಳೆಯ ಬೆಳಗಾಗಿ ಉಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ನಗರಸಭೆಯ ಹೊಸ ಅಧ್ಯಕ್ಷೆ ಚೌಕದಲ್ಲಿ ನಡೆದುಬಂದರು. ಆಕೆ ಅಧಿಕಾರ ವಹಿಸಿಕೊಂಡು ಇಪ್ಪತ್ತು ದಿನವಾಗಿತ್ತು. ಆಕೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಗೋಪುರದ ಬೆನ್ನು ಮಾತ್ರ. ಗಡಿಯಾರದ ಮುಖವನ್ನು ಆಕೆ ಕತ್ತೆತ್ತಿ ನೋಡಿದ್ದು ಒಂದೇ ಸಲ, ಅಧಿಕಾರ ವಹಿಸಿಕೊಳ್ಳಲು ಬಂದ ಸಂಜೆ. ನೋಡಿ, ತನ್ನ ಕೈಗಡಿಯಾರ ನೋಡಿಕೊಂಡು, ನಿಮಿಷಕ್ಕೆ ನಿಮಿಷ ಸರಿಯಿದೆಯೆಂದು ಮೆಚ್ಚಿದ್ದರು. ಆಗ ಹೊತ್ತು ಎಷ್ಟಾಗಿತ್ತೆಂದು ನಾನು ಹೇಳಬೇಕಾಗಿಲ್ಲ.

ಅಧ್ಯಕ್ಷೆ ಕನ್ನಡಕ ಹಾಕಿಕೊಂಡು ಹಲಗೆ ಓದಿದರು.

“ಯಾವ ಇಸವಿ ಮೇಷ್ಟ್ರೇ?”

“ಉತ್ತರ ನಾಳೆ ಮೇಡಂ.”

“ನನಗೆ ಇವತ್ತೇ ಹೇಳಿ.”

ಮೇಷ್ಟ್ರಿಗೆ ಸುಳ್ಳು ಬರುವುದಿಲ್ಲ. “ಇವತ್ತಿಗೆ ಸರಿಯಾಗಿ ಇಪ್ಪತ್ತೈದು ವರ್ಷ ಮೇಡಂ, ನಿಂತು.”

“ಯಾವ ಹೊತ್ತಿಗೆ ನಿಂತಿತು ಅನ್ನೋದು ಗೊತ್ತುಂಟಾ?”

“ಸಂಜೆ ನಾಲ್ಕೂ ಇಪ್ಪತ್ತಕ್ಕೆ.”

“ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತೀರಿ?”

“ಕತ್ತೆತ್ತಿ ನೋಡಿದರೆ ಗೊತ್ತಾಗತ್ತೆ ಮೇಡಂ,” ಎಂದರು ಮೇಷ್ಟ್ರು ಕತ್ತು ತಗ್ಗಿಸಿ.

ಅಧ್ಯಕ್ಷೆಗೆ ಇದು ವಿನೋದವೆನಿಸಿತು. ನಕ್ಕರು. ನಗು ನಿಂತ ಕೂಡಲೇ ಅವರ ಕಣ್ಣಿನಲ್ಲಿ ಒಂದು ಸಭೆ ಮೂಡಿತು. “ಇಪ್ಪತ್ತೈದು ವರ್ಷ. ಅಂದ್ರೆ ಬೆಳ್ಳಿಹಬ್ಬ. ಇವತ್ತೇ ಮಾಡೋಣ.”

“ಇವತ್ತೇನಾ ಮೇಡಂ?” ಎಂದರು ಹಿಂದಿನಿಂದ ಬಂದ ಹೆಡ್ ಗುಮಾಸ್ತರು. ಹಿಂದಿನಿಂದ ಬರುವುದೇ ಅವರ ಕೆಲಸ.

“ನಾಳೆ ಮಾಡಿದರೆ ಇಪ್ಪತ್ತೈದು ವರ್ಷ ಒಂದು ದಿನ ಆಗತ್ತೆ. ಅದಕ್ಕೆ ಯಾವ ಹಬ್ಬ?”

ಗುಮಾಸ್ತರು ಕುರ್ಚಿ ತರಿಸಲು ಓಡಿದರು.

ಒಂಬತ್ತು ಗಂಟೆಗೆ ಚೌಕದಲ್ಲಿ ಕುರ್ಚಿ ಇಳಿದವು. ಹತ್ತಕ್ಕೆ ಅಜ್ಜನಿಗೆ ಹಗ್ಗದಜ್ಜ ಎಂದು ಹೆಸರಾಯಿತು. ಹತ್ತೂವರೆಗೆ ಹಗ್ಗ ಹಿಡಿದವರು ಹನ್ನೊಂದಲ್ಲ, ಮೂವತ್ತು ಮಂದಿ ಎಂದು ಗೊತ್ತಾಯಿತು. ಅವರಲ್ಲಿ ನಾಲ್ವರಿಗೆ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಮೊದಲ ಸಾಲಿನಲ್ಲಿ ಯಾರು ಕೂರಬೇಕೆಂದು ಅವರೊಳಗೆ ಎಳೆದಾಟ ನಡೆಯಿತು. ಹಗ್ಗವಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಹನ್ನೊಂದಕ್ಕೆ ಮೇಷ್ಟ್ರಿಗೆ ಅಧ್ಯಕ್ಷೆಯ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಕಾಗದದ ಗುಡ್ಡವಿತ್ತು. ಪಕ್ಕದಲ್ಲಿ ಹೆಡ್ ಗುಮಾಸ್ತರು ಸೀನುತ್ತ ನಿಂತಿದ್ದರು.

“ನಿಮ್ಮ ವರದಿಗಳು,” ಎಂದರು ಅಧ್ಯಕ್ಷೆ. “ಮುನ್ನೂರು. ಎಲ್ಲ ತೆಗೆಸಿದೆ.”

ಮೇಷ್ಟ್ರು ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು. ಇನ್ನೇನು, ಮುಗಿಯಿತು.

“ಮುನ್ನೂರರಲ್ಲೂ ಒಂದೇ ಸಾಲು. ಗಡಿಯಾರ ನಿಂತಿದೆ. ಗಡಿಯಾರ ನಿಂತಿದೆ. ಗಡಿಯಾರ ನಿಂತಿದೆ. ಇಪ್ಪತ್ತೈದು ವರ್ಷದಲ್ಲಿ ಒಂದು ತಿಂಗಳೂ ಬೀಳಲಿಲ್ಲ, ವಾಲಲಿಲ್ಲ. ಎಂಥ ಕಾವಲು ಮೇಷ್ಟ್ರೇ ನಿಮ್ಮದು.”

“ಮೇಡಂ, ನಿಂತಿದೆ ಅಂದ್ರೆ,” ಎಂದು ಮೇಷ್ಟ್ರು ಧೈರ್ಯ ಮಾಡಿದರು, “ನಿಂತೇಬಿಟ್ಟಿದೆ ಅಂತ.”

“ಗೊತ್ತು.”

“ಪೂರ್ತಿ ನಿಂತಿದೆ ಮೇಡಂ. ಸ್ವಲ್ಪವೂ ಅಲ್ಲಾಡೋದಿಲ್ಲ.”

“ಅದೇ ಅಲ್ವಾ ಬೇಕಾದದ್ದು,” ಎಂದು ಅಧ್ಯಕ್ಷೆ ಗುಮಾಸ್ತರತ್ತ ತಿರುಗಿದರು. “ಬರ್ಕೊಳ್ಳಿ. ನಾಲ್ಕೂ ಇಪ್ಪತ್ತಕ್ಕೆ ಸಭೆ ಶುರು. ನಾನು ಎರಡು ಮಾತು ಆಡ್ತೀನಿ. ಮೇಷ್ಟ್ರು ಗಡಿಯಾರದ ಕೀಲಿಕೈಯನ್ನ ಎತ್ತಿ ಜನಕ್ಕೆ ತೋರಿಸ್ತಾರೆ. ನಾಲ್ಕೂವರೆಗೆ ಗಡಿಯಾರ ಅರ್ಧಗಂಟೆಯ ಒಂದು ಹೊಡೆತ ಹೊಡೀತದಲ್ಲ, ಅದನ್ನ ಎಲ್ಲರೂ ಎದ್ದು ನಿಂತು ಕೇಳಿ ಮನೆಗೆ ಹೋಗೋದು.”

ಗಡಿಯಾರ ನಡೆಯುತ್ತಿಲ್ಲವೆಂದರೆ ಕೆಟ್ಟಿದೆ ಎನ್ನಬಹುದಿತ್ತು. ಕೀಲಿಕೈ ಎಲ್ಲಿ ಎಂದರೆ? ನಿಯಮ ಒಂದು ಗೋಡೆಯ ಮೇಲೆ ಕಾದು ಕುಳಿತಿತ್ತು. ನಿವೃತ್ತಿಗೆ ಇನ್ನು ನಾಲ್ಕೇ ವರ್ಷವಿರುವಾಗ, ಇಡೀ ಊರಿನ ಎದುರು, ಕೆಲಸವೂ ಹೋಗಿ ‘ಮೇಷ್ಟ್ರು’ ಎಂಬುದೂ ಹೋಗುವ ಹೊತ್ತು ಬಂದಿತ್ತು.

ಹನ್ನೆರಡಕ್ಕೆ ಮೇಷ್ಟ್ರು ಬೀಗ ರಿಪೇರಿಯವನ ಅಂಗಡಿಗೆ ಓಡಿದರು.

“ಒಂದು ಕೀಲಿಕೈ ಮಾಡಿಕೊಡಬೇಕಿತ್ತು, ನಾಲ್ಕು ಗಂಟೆಯೊಳಗೆ.”

“ಹಳೇದು ತನ್ನಿ. ನೋಡಿ ಅದರ ಹಾಗೇ ಹೊಸದು ಮಾಡ್ತೀನಿ.”

“ಹಳೇದು ಸಿಕ್ಕಿದ್ರೆ ಹೊಸದು ಯಾಕೆ ಬೇಕು?”

“ಹಳೇದು ಇಲ್ಲದೆ ಹೊಸದು ಹೇಗೆ ಮಾಡಲಿ?”

ಇಬ್ಬರ ಮಾತೂ ನ್ಯಾಯವಾಗಿಯೇ ಇತ್ತು. ಮೇಷ್ಟ್ರು ಬರಿಗೈಯಲ್ಲಿ ಹಿಂದಿರುಗಿ, ದರ್ಜಿಯ ಅಂಗಡಿಯ ಬಟ್ಟೆ ತುಂಡುಗಳ ರಾಶಿಯ ಮೇಲೆ ಕುಳಿತುಬಿಟ್ಟರು. ಇಪ್ಪತ್ತೈದು ವರ್ಷ ನುಂಗಿಕೊಂಡದ್ದನ್ನು ಅಲ್ಲಿ ಹೇಳಿದರು.

ದರ್ಜಿ ಹೊಲಿಗೆ ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದ. “ಅದಕ್ಕೇನಾ ಭಾವ ನೀವು ನಮ್ಮ ಚಿಕ್ಕಪ್ಪಂದಿರ ಮನೇಲೆಲ್ಲ ಕಬ್ಬಿಣ ಕೇಳ್ಕೊಂಡು ಓಡಾಡಿದ್ದು? ನಮ್ಮಪ್ಪ ಸಾಯೋವರೆಗೂ ನಿಮಗೆ ಅಂತ ಮೊಳೆ ಕೂಡಿಡ್ತಾ ಇದ್ದರು.”

“ಆಯ್ತಪ್ಪ. ಈಗ ನಾನೇನು ಮಾಡಲಿ?”

“ಯಾರ ಕೈಗೆ ಕೊಟ್ರಿ?”

“ಗೊತ್ತಿದ್ದಿದ್ರೆ ಇಲ್ಲಿ ಯಾಕೆ ಕೂರ್ತಿದ್ದೆ? ಪಕ್ಕದಲ್ಲಿ ಒಂದು ಕೈ ಇತ್ತು. ಕೊಟ್ಟೆ.”

“ಬಲಗಡೆ ಪಕ್ಕವೋ, ಎಡಗಡೆಯೋ?”

“ನೆನಪಿಲ್ಲ. ಇಡೀ ಹೊತ್ತು ಪಕ್ಕದಲ್ಲೇ ಇತ್ತು ಆ ಕೈ. ಯಾರೋ ಹೊಸಬರು. ಬಳೆ ಸದ್ದು ಕೇಳಿಸಿದ ನೆನಪು.”

ದರ್ಜಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದ, ಅಳತೆ ತೆಗೆಯುವವನಂತೆ.

“ಭಾವ, ನಿಮಗೆ ಲೋಕದ ಚರಿತ್ರೆಯೆಲ್ಲ ಗೊತ್ತು. ಒಂದು ಪ್ರಶ್ನೆ ಕೇಳ್ತೀನಿ, ಉತ್ತರ ನಾಳೆ ಅನ್ನಬೇಡಿ. ಮದುವೆ ದಿನ ಗಂಡಿನ ಪಕ್ಕದಲ್ಲಿ ಇಡೀ ಹೊತ್ತು ಯಾರು ನಿಂತಿರ್ತಾರೆ?”

ಮೇಷ್ಟ್ರು ಯೋಚಿಸಿದರು. ನೊಣವೊಂದು ಕತ್ತರಿಯ ಮೇಲೆ ಕುಳಿತು, ಕೈಯುಜ್ಜಿಕೊಂಡು, ಎದ್ದುಹೋಯಿತು. ಆಮೇಲೆ ಮೇಷ್ಟ್ರೂ ಎದ್ದರು.

“ಭಾವ,” ಎಂದು ದರ್ಜಿ ಹಿಂದಿನಿಂದ ಕೂಗಿದ, “ಅಕ್ಕ ಮಾತಾಡ್ತಾ ಇದ್ದಾಳಾ?”

“ಇಲ್ಲ. ಎಂಟು ದಿನ ಆಯ್ತು. ಪ್ರತಿ ವರ್ಷ ಈ ಸಮಯಕ್ಕೆ ಅವಳಿಗೆ ಗಂಟಲು ಕಟ್ಟತ್ತೆ. ಹವೆ ಇರಬೇಕು.”

“ಹವೆ,” ಎಂದ ದರ್ಜಿ. ಚಕ್ರ ತಿರುಗಿಸಿದ.

ಮನೆಯಲ್ಲಿ ಹೆಂಡತಿ ಕಿಟಕಿಯ ಬಳಿ ಕುಳಿತು ದಿಂಬಿನ ಚೀಲಕ್ಕೆ ಗುಂಡಿ ಹಾಕುತ್ತಿದ್ದರು. ಮೇಷ್ಟ್ರು ಏದುಸಿರು ಬಿಡುತ್ತ ಎದುರು ನಿಂತು ಕೇಳಿದರು: “ನಾನು ನಿನಗೆ ಒಂದು ಕಬ್ಬಿಣ ಕೊಟ್ಟಿದ್ನಾ?”

ಹೆಂಡತಿ ದಾರವನ್ನು ಹಲ್ಲಿನಿಂದ ಕಡಿದರು.

“ಗೇಣುದ್ದದ್ದು. ಬಾಗಿದ್ದು. ಮರದ ಹಿಡಿ ಇತ್ತು.”

ಎರಡನೆಯ ಗುಂಡಿಗೆ ಸೂಜಿ ಹೋಯಿತು.

“ನನ್ನ ಕೆಲಸ ಹೋಗತ್ತೆ ಕಣೇ. ನಾಲ್ಕೂ ಇಪ್ಪತ್ತಕ್ಕೆ ಹೋಗತ್ತೆ.”

ಆಕೆ ಕತ್ತೆತ್ತಿ ನೋಡಿದರು. ಆ ನೋಟದಲ್ಲಿ ಕರುಣೆಯಿತ್ತು. ಆದರೆ ಎಂಟು ದಿನದ ವ್ರತ ಮುರಿಯುವಷ್ಟಿರಲಿಲ್ಲ. ಮೇಷ್ಟ್ರು ಗೋಡೆಗೆ ಒರಗಿ ಲೆಕ್ಕ ಹಾಕತೊಡಗಿದರು. ಗಡಿಯಾರ ನಿಂತದ್ದು ಇವತ್ತಿನ ತಾರೀಖು. ಕೀಲಿ ಕೊಟ್ಟರೆ ನಡೆಯುವುದು ಎಂಟು ದಿನ. ಹಾಗಾದರೆ ಕೊನೆಯ ಸಲ ಕೀಲಿ ಕೊಟ್ಟದ್ದು ಇವತ್ತಿಗೆ ಎಂಟು ದಿನ ಹಿಂದೆ. ಕೀಲಿ ಕೊಟ್ಟ ಬೆಳಿಗ್ಗೆಯೇ ಕೋಟು ಹಾಕಿಕೊಂಡು ಹೊರಟದ್ದು. ಇವಳ ಗಂಟಲು ಕಟ್ಟಿದ್ದು ಎಂಟು ದಿನದಿಂದ. ಹೋದ ವರ್ಷವೂ ಎಂಟು ದಿನ. ಅದರ ಹಿಂದಿನ ವರ್ಷವೂ.

ಎಷ್ಟೋ ಸಾಮ್ರಾಜ್ಯಗಳ ಏಳುಬೀಳಿನ ತಾರೀಖು ಹೇಳಬಲ್ಲ ಮನುಷ್ಯ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

“ಹೋದ ಮಂಗಳವಾರ,” ಎಂದರು ಮೆಲ್ಲಗೆ. “ಹಿಂದೆ ಅದೇ ದಿನ ನಮ್ಮ ಮದುವೆ ಆಯ್ತು.”

“ಯಾವ ಇಸವಿ?” ಎಂದರು ಹೆಂಡತಿ.

ಎಂಟು ದಿನದ ಮೇಲೆ ಬಂದ ಮೊದಲ ಮಾತು. ಮೇಷ್ಟ್ರು ಇಸವಿ ಹೇಳಿದರು. ಸರಿಯಾಗಿಯೇ ಹೇಳಿದರು.

“ಇಪ್ಪತ್ತೈದು ವರ್ಷದಿಂದ ಊರಿಗೆಲ್ಲ ದಿನಾ ಒಂದು ಪ್ರಶ್ನೆ ಕೇಳ್ತೀರಿ,” ಎಂದರು ಆಕೆ. “ಮನೇಲಿ ಒಂದಾದ್ರೂ ಕೇಳಿದ್ದೀರಾ? ಪ್ರತಿ ವರ್ಷ ಆ ದಿನ ಬೆಳಿಗ್ಗೆ ಹಲಗೆ ನೋಡೋಕೆ ಅಂತಲೇ ಚೌಕದ ಕಡೆ ಬರ್ತೀನಿ. ಈ ಸಲ ಯಾರೋ ರಾಜ ಕುದುರೆಯಿಂದ ಬಿದ್ದದ್ದು ಇತ್ತು. ಎಂಟು ದಿನ ಕಾಯ್ತೀನಿ, ಆಮೇಲೆ ನನ್ನ ಕೋಪದ ಕೀಲಿಯೂ ಮುಗಿಯತ್ತೆ.”

ಆಕೆ ಎದ್ದು ಟ್ರಂಕು ತೆರೆದು, ಎಲ್ಲಕ್ಕಿಂತ ಕೆಳಗಿದ್ದ ಒಂದು ಬಿಳಿ ಬಟ್ಟೆಯ ಗಂಟನ್ನು ತಂದು ಅವರ ಮಡಿಲಲ್ಲಿಟ್ಟರು. ಬಿಚ್ಚಿದರೆ ಕೀಲಿಕೈ. ತುಕ್ಕಿನ ಚುಕ್ಕೆಯೂ ಇಲ್ಲ. ಎಣ್ಣೆ ಹಚ್ಚಿ ಒರೆಸಿದ ಹೊಳಪು.

“ಇದು ನನ್ನ ಪ್ರಾಣ, ಜೋಪಾನ ಅಂತ ಕೊಟ್ರಲ್ಲ. ನನಗೆ ನೀವು ಕೊಟ್ಟ ಮೊದಲ ವಸ್ತು. ಇದೆಂಥ ಉಡುಗೊರೆ ಅಂತ ಆಶ್ಚರ್ಯ ಆಯ್ತು. ನಿಮ್ಮ ಮನೆತನದ್ದೇನೋ ಇರಬೇಕು ಅಂತ ಸುಮ್ಮನಾದೆ. ಪ್ರತಿ ವರ್ಷ ಆ ದಿನ ತೆಗೆದು ಒರೆಸಿಡ್ತೀನಿ.”

“ನಾನು ಕಳೆದುಹೋಯ್ತು ಅಂತ ಊರೆಲ್ಲ ಹುಡುಕಿದೆ ಕಣೇ.”

“ನನ್ನ ಹತ್ತಿರ ಕೇಳಲಿಲ್ಲವಲ್ಲ.”

ಮೇಷ್ಟ್ರು ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡರು. ಆಗ ಅವರು ನೆನೆದದ್ದು ದೇವರನ್ನೋ ಹೆಂಡತಿಯನ್ನೋ ನನಗೆ ಗೊತ್ತಿಲ್ಲ. ಎರಡಾದರೂ ಸರಿಯೇ.

ಇಬ್ಬರೂ ಗೋಪುರಕ್ಕೆ ಹೊರಟಾಗ ಮೂರೂ ಮುಕ್ಕಾಲು. ಹೆಂಡತಿ ಆ ಮೆಟ್ಟಿಲುಗಳನ್ನು ಹತ್ತಿದ್ದು ಅದೇ ಮೊದಲು. ನಲವತ್ತನೆಯ ಮೆಟ್ಟಿಲಲ್ಲಿ ಕುಳಿತು, “ದಿನಾ ಇಷ್ಟು ಹತ್ತಿ, ಮೇಲೆ ಮಾಡೋದೇನ್ರಿ?” ಎಂದರು.

“ಎಣ್ಣೆ ಬಿಡ್ತೀನಿ.”

“ನಡೀದೇ ಇರೋದಕ್ಕಾ?”

“ಎಂದಾದರೂ ನಡೆದರೆ ಅಂತ.”

ಆಕೆ ಎದ್ದು ಮತ್ತೆ ಹತ್ತತೊಡಗಿದರು. ತಾನೂ ಹಾಗೆಯೇ ಒಂದಕ್ಕೆ ಎಣ್ಣೆ ಹಚ್ಚಿ ಇಟ್ಟವಳು.

ಮೇಲೆ ಹಲ್ಲುಚಕ್ರಗಳು ನಿನ್ನೆ ತಂದವುಗಳಂತೆ ಹೊಳೆಯುತ್ತಿದ್ದವು. ಕೀಲಿಕೈಯ ಚೌಕದ ತೂತು ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಮೇಷ್ಟ್ರು ತಿರುಗಿಸಿದರು, ಹೆಂಡತಿ ಸುತ್ತು ಎಣಿಸಿದರು. ಭಾರದ ಗುಂಡು ಒಂದೊಂದೇ ಗೇಣು ಮೇಲೇರಿತು. ನಲವತ್ತು ಸುತ್ತಿಗೆ ಮೇಷ್ಟ್ರ ತೋಳು ಸೋತಿತು. ಉಳಿದ ಇಪ್ಪತ್ತನ್ನು ಹೆಂಡತಿ ತಿರುಗಿಸಿದರು. ಮುಳ್ಳುಗಳನ್ನು ಸರಿಸುವ ಗೋಜೇ ಇರಲಿಲ್ಲ. ಅವು ಇಪ್ಪತ್ತೈದು ವರ್ಷದಿಂದ ಸರಿಯಾದ ಜಾಗದಲ್ಲೇ ಕಾಯುತ್ತಿದ್ದವು.

ಕೆಳಗೆ ಅಧ್ಯಕ್ಷೆಯ ಧ್ವನಿ ಮೈಕಿನಲ್ಲಿ ಕೆಮ್ಮಿತು. ಹೆಂಡತಿ ತನ್ನ ಕೈಗಡಿಯಾರ ನೋಡಿ, “ಹೂಂ, ಇಪ್ಪತ್ತು,” ಎಂದರು. ಮೇಷ್ಟ್ರು ಲೋಲಕವನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರು.

ಟಿಕ್.

ಟಿಕ್, ಟಿಕ್, ಟಿಕ್ ಎಂದು ಅದು ಏನೂ ಆಗಿಲ್ಲವೆಂಬಂತೆ ಹೊರಟಿತು.

ವೇದಿಕೆಗೆ ಇಳಿದುಬಂದ ಮೇಷ್ಟ್ರು ಕೀಲಿಕೈಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು. ಅಲ್ಲಿಗೆ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಅಷ್ಟು ಜನರ ಎದುರು, ಆ ಟಿಕ್ ಸದ್ದಿನ ಕೆಳಗೆ, ಅವರಿಂದ ಸುಮ್ಮನಿರಲಾಗಲಿಲ್ಲ. ಮೈಕು ಹಿಡಿದು ಹೇಳಿಯೇಬಿಟ್ಟರು.

“ಮಹನೀಯರೇ, ಒಂದು ಸತ್ಯ ಹೇಳಬೇಕು. ಈ ಗಡಿಯಾರ ಇಪ್ಪತ್ತೈದು ವರ್ಷ ನಿಂತಿತ್ತು. ಕೀಲಿ ನನ್ನ ಹೆಂಡತಿ ಹತ್ತಿರ ಇತ್ತು. ಅದು ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದು.”

ಅಧ್ಯಕ್ಷೆ ಕಣ್ಣೊರೆಸಿಕೊಂಡರು. “ಕೇಳಿದ್ರಾ,” ಎಂದರು ಜನರತ್ತ ತಿರುಗಿ. “ಎಲ್ಲದರ ಕೀಲಿ ಹೆಂಡತಿಯ ಹತ್ತಿರ ಇತ್ತಂತೆ. ಇಪ್ಪತ್ತೈದು ವರ್ಷ ದುಡಿದ ಮನುಷ್ಯ ಹೆಸರನ್ನ ಹೆಂಡತಿಗೆ ಕೊಡ್ತಾರೆ. ಎಷ್ಟು ಜನ ಗಂಡಸರು ಹೀಗೆ ಹೇಳ್ತಾರೆ?”

ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಗಿ ಗಂಡಸರ ಕಡೆಗೆ ನಾಚುತ್ತ ಹಬ್ಬಿತು. ಹೆಡ್ ಗುಮಾಸ್ತರು ಕೂಡ ತಮ್ಮ ಮನೆಯವರತ್ತ ಒಮ್ಮೆ ನೋಡಿ ಜೋರಾಗಿಯೇ ತಟ್ಟಿದರು. ಮೇಷ್ಟ್ರು “ಹಾಗಲ್ಲ, ನಿಂತಿತ್ತು ಅಂದ್ರೆ” ಎಂದದ್ದು ಯಾರಿಗೂ ಕೇಳಲಿಲ್ಲ.

ಅಷ್ಟರಲ್ಲಿ ಢಣ್ ಎಂದು ಒಂದು ಹೊಡೆತ ಬಿತ್ತು.

ಇಪ್ಪತ್ತೈದು ವರ್ಷದ ಪಾರಿವಾಳಗಳು, ಅಂದರೆ ಅವುಗಳ ಮೊಮ್ಮಕ್ಕಳು, ಒಟ್ಟಿಗೆ ಆಕಾಶಕ್ಕೆ ಹಾರಿದವು. ದರ್ಜಿ ಕೂತಲ್ಲೇ ತನ್ನ ಅಳತೆಪಟ್ಟಿ ಬಿಗಿಯಾಗಿ ಹಿಡಿದುಕೊಂಡ. ಗೊತ್ತಿದ್ದವರು ಬೆಚ್ಚಿದರು, ಗೊತ್ತಿಲ್ಲದವರು ಗೌರವದಿಂದ ಎದ್ದು ನಿಂತರು. ಹಗ್ಗದಜ್ಜ ಕಿವಿಗೆ ಕೈಹಚ್ಚಿ ಕೇಳಿ, “ಅಂದು ಮೇಲೆತ್ತಿದಾಗಲೂ ಇದೇ ಸದ್ದು ಬಂದಿತ್ತು,” ಎಂದ. ಆಮೇಲೆ ಮುಳ್ಳು ನೋಡಿ ಕಳವಳಗೊಂಡ. “ಇದೇನ್ರೀ, ನಾಲ್ಕೂವರೆ ತೋರಿಸ್ತಾ ಇದೆ. ಇನ್ನು ನಾನು ಮಾತ್ರೆ ತಗೊಳ್ಳೋದು ಹೇಗೆ?”

ತಿಂಗಳ ಕೊನೆಗೆ ಮೇಷ್ಟ್ರು ವರದಿ ಬರೆಯಲು ಕುಳಿತರು. ಜೀವನದಲ್ಲಿ ಮೊದಲ ಬಾರಿಗೆ, ಎದೆ ತುಂಬಿ, ‘ಗಡಿಯಾರ ನಡೆಯುತ್ತಿದೆ’ ಎಂದು ಬರೆದು ಕಳುಹಿಸಿದರು. ಮೂರನೆಯ ದಿನ ಉತ್ತರ ಬಂತು. ಈ ಸಲ ಕೆಂಪು ಶಾಯಿ: ‘ಇಪ್ಪತ್ತೈದು ವರ್ಷ ನಿಂತಿದ್ದ ಗಡಿಯಾರವು ಯಾರ ಅನುಮತಿಯಿಂದ ನಡೆಯುತ್ತಿದೆ, ಎಲ್ಲಿಗೆ ನಡೆಯುತ್ತಿದೆ ಎಂಬುದನ್ನು ಕೂಡಲೇ ತಿಳಿಸುವುದು.’ ಹಿಂದೆಯೇ ಹೆಡ್ ಗುಮಾಸ್ತರು ಬಂದು ಗೋಪುರವನ್ನು ಒಂದು ಸುತ್ತು ಹಾಕಿ, ಗಡಿಯಾರ ಜಾಗದಲ್ಲೇ ಇರುವುದನ್ನು ಕಣ್ಣಾರೆ ನೋಡಿ ನಿಟ್ಟುಸಿರು ಬಿಟ್ಟರು. “ಯಾಕೆ ಮೇಷ್ಟ್ರೇ ಹೆದರಿಸ್ತೀರಿ? ಎಂದಿನ ಹಾಗೆ ಬರೀರಿ.” ಮೇಷ್ಟ್ರು ಎಂದಿನ ಹಾಗೆ ಬರೆದುಕೊಟ್ಟರು. ಅಂದಿನಿಂದ ಇಂದಿನವರೆಗೆ ಆ ಗಡಿಯಾರ ಗೋಪುರದಲ್ಲಿ ನಡೆಯುತ್ತಿದೆ, ಕಡತದಲ್ಲಿ ನಿಂತಿದೆ.

ಎಂಟು ದಿನಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಕೀಲಿ ಕೊಡುತ್ತಾರೆ. ನಲವತ್ತು ಸುತ್ತು ಅವರು, ಇಪ್ಪತ್ತು ಸುತ್ತು ಇವರು. ಕೀಲಿಕೈ ಮತ್ತೆ ಟ್ರಂಕಿಗೆ ಹೋಗುತ್ತದೆ. ನಿಯಮ ಒಂದಕ್ಕೆ ಅಲ್ಲಿಗಿಂತ ಭದ್ರವಾದ ಜಾಗ ಇನ್ನೊಂದಿಲ್ಲ.

ಮುಂದಿನ ವರ್ಷ, ಗಡಿಯಾರ ನಿಂತ ತಾರೀಖಿಗೆ ಎಂಟು ದಿನ ಮೊದಲು, ಏಳೂವರೆಯ ಜನ ಹಲಗೆಯ ಮುಂದೆ ನೆರೆದರು. ಹಿಂದಿನ ಸಾಲಿನಲ್ಲಿ, ತರಕಾರಿ ಚೀಲ ಹಿಡಿದು, ಏನೂ ಗೊತ್ತಿಲ್ಲದವರಂತೆ ಮೇಷ್ಟ್ರ ಹೆಂಡತಿಯೂ ನಿಂತಿದ್ದರು. ಹಲಗೆಯ ಮೇಲೆ ಹೀಗಿತ್ತು:

‘ಹಿಂದೆ ಇದೇ ದಿನ ಗಡಿಯಾರದ ಕೀಲಿಕೈ ಸೇರಬೇಕಾದ ಕೈ ಸೇರಿತು. ಯಾರ ಕೈ?’

“ಇದ್ಯಾವ ರಾಜ್ಯದ ಚರಿತ್ರೆ?” ಎಂದ ಹಗ್ಗದಜ್ಜ. “ಉತ್ತರ ನಾಳೆ ತಾನೇ?”

ದರ್ಜಿ ಬಗ್ಗಿ ಕೆಳಗಿನ ಮೂಲೆಯನ್ನು ಓದಿದ. ಅಲ್ಲಿ, ಎಂದಿಗಿಂತ ಸ್ವಲ್ಪ ಸಣ್ಣ ಅಕ್ಷರದಲ್ಲಿ, ‘ಉತ್ತರ ಮನೆಯಲ್ಲಿದೆ’ ಎಂದಿತ್ತು.